ಮೊಟ್ಟೆ ಮುಳುಗುವುದೇಕೆ, ತೇಲುವುದೇಕೆ?

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ದಶಕಗಳ ಕಾಲ ವಿಜ್ಞಾನ ಬೋಧಿಸಿದ ನನ್ನದೊಂದು ಆಕ್ಷೇಪವಿದೆ. ‘ಮುಳುಗಿದ ಮೊಟ್ಟೆ ಒಳ್ಳೆಯದು, ತೇಲಿದ್ದು ಕೆಟ್ಟದ್ದು’ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ವಿಜ್ಞಾನವಲ್ಲ.

ಚಿಪ್ಪಿನ ಸೂಕ್ಷ್ಮರಂಧ್ರಗಳಿಂದ ತೇವಾಂಶ ಆವಿಯಾದಂತೆ ಒಳಗಿನ ಗಾಳಿಕೋಶ ಹಿಗ್ಗುತ್ತದೆ. ಗಾತ್ರ ಹಾಗೆಯೇ ಉಳಿದು ತೂಕ ಇಳಿಯುತ್ತದೆ. ಸಾಂದ್ರತೆ ನೀರಿಗಿಂತ ಕಡಿಮೆಯಾದಾಗ ಮೊಟ್ಟೆ ತೇಲುತ್ತದೆ. ಇದು ತಿಳಿಸುವುದು ಹಳತೋ ಹೊಸತೋ ಎಂಬುದನ್ನಷ್ಟೇ. ಸಾಲ್ಮೊನೆಲ್ಲಾ ಸೋಂಕಿದ ತಾಜಾ ಮೊಟ್ಟೆಯೂ ಮುಳುಗುತ್ತದೆ. ಉಪ್ಪು ಸಾಕಷ್ಟು ಬೆರೆಸಿದರೆ ಹೊಸ ಮೊಟ್ಟೆಯೂ ತೇಲುತ್ತದೆ.

ಬಿಸಿಯೂಟದ ಮೊಟ್ಟೆಯನ್ನು 2024ರಲ್ಲಿ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಲಾಯಿತು. ಶಾಲೆಯ ಅಡುಗೆಮನೆಗೇ ಮೊಟ್ಟೆ ಬರುವಾಗ, ಕಪ್ಪುಹಲಗೆಯಲ್ಲಿ ಅದರ ಚಿತ್ರ ಬರೆದು ಪಾಠ ಮುಗಿಸುವುದು ಯಾವ ನ್ಯಾಯ? ಒಂದು ಪಾತ್ರೆ ನೀರು, ಒಂದಿಷ್ಟು ಉಪ್ಪು ಸಾಕು. ಮಗು ಕಣ್ಣಾರೆ ಕಾಣಲಿ, ‘ಏಕೆ?’ ಎಂದು ಕೇಳಲಿ.