ಹೊಗೆ ಬಿಡುವವರ ಕೈಗೇ ತಕ್ಕಡಿ

ಮುಂಬೈ ಹೊರವಲಯದ ಕಲ್ಯಾಣ ಬಿಟ್ಟು ಕಸಾರಾ ಕಡೆ ಹೊರಟ ಲೋಕಲ್ಲು ಮೊದಲು ನಿಲ್ಲುವುದು ಶಹಾಡ್‌ನಲ್ಲಿ. ರೇಯಾನ್ ಕಾರ್ಖಾನೆಯ ಚಿಮಣಿ, ಉಲ್ಹಾಸ್ ನದಿ, ಚಾಳುಗಳು, ಕಟ್ಟಡಗಳ ನೆತ್ತಿಯ ಮೇಲೆ ಮೊಬೈಲ್ ಟವರು. ನದಿಯ ವಿಷ ಮೂಗಿಗೆ ಬಡಿಯುತ್ತದೆ. ಅದಕ್ಕೇ ವನಶಕ್ತಿ ಎಂಬ ಪರಿಸರ ಸಂಸ್ಥೆ ಉಲ್ಹಾಸ್, ವಾಲಧುನಿ ನದಿಗಳಿಗಾಗಿ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. ಆದರೆ ಟವರಿಗಾಗಿ ಉರಿಯುವ ಡೀಸೆಲ್ಲನ್ನು, ಕಲ್ಲಿದ್ದಲನ್ನು ಕೇಳುವವರು ಯಾರು?

ಕೇಳುತ್ತೇವೆಂದು ಸರ್ಕಾರವೇ ಮಾತು ಕೊಟ್ಟಿತ್ತು. 2011ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿತು, 2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಆದೇಶ ಹೊರಡಿಸಿತು. 2015ರೊಳಗೆ ಹಳ್ಳಿಯ ಶೇ. 50, ನಗರದ ಶೇ. 20ರಷ್ಟು ಟವರುಗಳು ಸೌರ, ಪವನದಂಥ ಮೂಲಗಳನ್ನೂ ಬೆರೆಸಿದ ವಿದ್ಯುತ್ತಿನಲ್ಲಿ ನಡೆಯಬೇಕು, 2020ಕ್ಕೆ ಶೇ. 75, ಶೇ. 33. ನಗರಕ್ಕೆ ಯಾಕಿಷ್ಟು ರಿಯಾಯಿತಿ? ಅಲ್ಲಿ ಕರೆಂಟು ಇದೆಯಂತೆ. ಆ ಕರೆಂಟಿನ ಬಹುಪಾಲು ಕಲ್ಲಿದ್ದಲಿನದು. ಅದರ ಬೂದಿ ನುಂಗುವವರು ಉಷ್ಣ ವಿದ್ಯುತ್ ಸ್ಥಾವರವಿರುವ ಚಂದ್ರಪುರದ ಜನ. ನಮ್ಮ ರಾಯಚೂರಿನ ಶಕ್ತಿನಗರದವರನ್ನು ಕೇಳಿ, ಬೂದಿ ಎಂದರೇನೆಂದು ಹೇಳುತ್ತಾರೆ.

ಕಂಪನಿಗಳು ಖರ್ಚಿನ ನೆಪ ಒಡ್ಡಿದವು. 2017ರ ಅಕ್ಟೋಬರ್‌ನಲ್ಲಿ ಟ್ರಾಯ್ ಹೊಸ ಗುರಿ ಬರೆಯಿತು: 2011-12ಕ್ಕೆ ಹೋಲಿಸಿ 2019-20ಕ್ಕೆ ಶೇ. 30, 2022-23ಕ್ಕೆ ಶೇ. 40ರಷ್ಟು ಇಂಗಾಲ ಇಳಿಯಬೇಕು. ಲೆಕ್ಕ ಒಪ್ಪಿಸಬೇಕಾದವರು? ಅದೇ ಕಂಪನಿಗಳು! ಹೊಗೆ ಬಿಡುವವರ ಕೈಗೇ ತಕ್ಕಡಿ ಕೊಟ್ಟು ಅದನ್ನು ನಿಯಂತ್ರಣ ಎಂದು ಕರೆಯುವುದು ಉಸಿರಾಡುವವರಿಗೆ ಬಗೆದ ದ್ರೋಹ.

ಸರ್ಕಾರಕ್ಕೆ ಕೈಲಾಗದು ಎಂದು ಯಾರೂ ಹೇಳಬೇಡಿ. ಟವರಿನ ವಿಕಿರಣಕ್ಕೆ ಹೆದರಿ ಮುಂಬೈಯ ಸಿರಿವಂತರ ಮಲಬಾರ್ ಹಿಲ್‌ನಲ್ಲೂ ಕೂಗೆದ್ದಿತ್ತು. 2012ರ ಸೆಪ್ಟೆಂಬರ್ 1ರಿಂದ ವಿಕಿರಣದ ಮಿತಿ ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದಕ್ಕೆ ಇಳಿಯಿತು. ತಪಾಸಣೆಯೂ ಬಂತು, ದಂಡವೂ ಬಂತು. ಹೊಗೆಗೆ ಮಾತ್ರ ಆ ಕಾಠಿಣ್ಯವಿಲ್ಲ.

ಸತ್ತ ಫೋನುಗಳ ಕಥೆ ಇನ್ನೂ ಹೊಲಸು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಲ್ಲಿ ತಯಾರಕರು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡರೆ ಹೊಣೆ ತೀರಿತು. ಮನೆಮನೆ ಅಲೆದು ಹಳೆಯ ಫೋನು ಹೊರುವ ಭಂಗಾರ್‌ವಾಲಾನ ಹೆಸರು ಆ ಪತ್ರದಲ್ಲಿಲ್ಲ. ವೈರು ಸುಟ್ಟು ತಾಮ್ರ ತೆಗೆಯುವ ಕೈಗಳು ದಲಿತರವು, ಮುಸ್ಲಿಮರವು, ಊರು ಬಿಟ್ಟು ಬಂದ ಬಡವರವು. ಅವರ ಎದೆಯೊಳಗಿನ ಸೀಸಕ್ಕೆ ಯಾವ ಪ್ರಮಾಣಪತ್ರ?

ಟವರು ಬೇಡವೆನ್ನುತ್ತಿಲ್ಲ. 2019ರ ಜುಲೈ 27ರಂದು ಉಲ್ಹಾಸ್ ಉಕ್ಕಿ ಬದಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಲ್ಲಿ ಸಿಕ್ಕಿಬಿದ್ದಾಗ ಪ್ರಯಾಣಿಕರ ಕೈಯಲ್ಲಿ ಉಳಿದಿದ್ದು ಫೋನೊಂದೇ. ಆದರೆ ಮಳೆಯನ್ನು ಹೀಗೆ ಕೆರಳಿಸುವ ಹೊಗೆಯ ಬೆಲೆಯನ್ನು ನದಿದಂಡೆಯ ಚಾಳಿನವರೇ ಯಾಕೆ ತೆರಬೇಕು?

2023ರ ದೂರಸಂಪರ್ಕ ಕಾಯ್ದೆ ಹಳೆಯ ಲೈಸೆನ್ಸಿನ ಜಾಗಕ್ಕೆ ಅಧಿಕಾರಪತ್ರ ತಂದಿದೆ. ಅದರ ಷರತ್ತಿನಲ್ಲೇ ಬರೆಯಿರಿ: ಪ್ರತಿ ಟವರು ಸುಟ್ಟ ಡೀಸೆಲ್ಲು, ಎಳೆದ ಕರೆಂಟು ಎಷ್ಟೆಂದು ಹೊರಗಿನವರು ಅಳೆಯಬೇಕು, ಆ ಲೆಕ್ಕ ಪ್ರತಿ ತಿಂಗಳು ವಾರ್ಡ್ ಕಚೇರಿಯ ಗೋಡೆಗೆ ಮರಾಠಿಯಲ್ಲಿ ಅಂಟಬೇಕು, ಸುಳ್ಳು ಬರೆದ ಕಂಪನಿಯ ಅಧಿಕಾರಪತ್ರ ರದ್ದಾಗಬೇಕು.