ಹತ್ತನೆಯ ನಾಟಕ ಮಾಡಿಸುವವರು ಯಾರು?

ಮೇಲ್ನೋಟಕ್ಕೆ ಕನ್ನಡ ರಂಗಭೂಮಿಯ ಲೆಕ್ಕ ಚೆನ್ನಾಗಿಯೇ ಇದೆ. ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿ, ಮೈಸೂರಿನ ರಂಗಾಯಣ, ವಿಶ್ವವಿದ್ಯಾಲಯಗಳ ನಾಟಕ ವಿಭಾಗಗಳು ವರ್ಷವರ್ಷವೂ ತರಬೇತಾದವರನ್ನು ಹೊರಗೆ ಕಳಿಸುತ್ತಿವೆ. ಮೊದಲ ನಾಟಕ ಮಾಡಿಸುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಬರ ಬರುತ್ತಿರುವುದು ಹತ್ತನೆಯ, ಹದಿನೈದನೆಯ ನಾಟಕ ಮಾಡಿಸುವವರಿಗೆ.

ಸೂಚನೆಗಳು ಕಾಣುತ್ತಿವೆ. ನಲವತ್ತರ ಆಸುಪಾಸಿನ ನಿರ್ದೇಶಕರು ಧಾರಾವಾಹಿಗೆ ಸಂಭಾಷಣೆ ಬರೆಯುತ್ತಾರೆ, ಶಾಲೆಗಳ ವಾರ್ಷಿಕೋತ್ಸವಕ್ಕೆ ತಾಲೀಮು ಕೊಡುತ್ತಾರೆ, ಏಪ್ರಿಲ್-ಮೇ ತಿಂಗಳ ಬೇಸಿಗೆ ಶಿಬಿರಗಳಲ್ಲಿ ವರ್ಷದ ಮನೆಬಾಡಿಗೆ ಸಂಪಾದಿಸುತ್ತಾರೆ. ಮಕ್ಕಳ ಶಿಬಿರ ಒಳ್ಳೆಯ ಕೆಲಸವೇ. ಆದರೆ ಅದರಲ್ಲೇ ಬದುಕು ಮುಗಿದರೆ ನಿರ್ದೇಶಕ ಬೆಳೆಯುವುದು ಯಾವಾಗ? ಇನ್ನು ಏಕವ್ಯಕ್ತಿ ಪ್ರದರ್ಶನಗಳ ಭರಾಟೆ. ಅವುಗಳಲ್ಲಿ ಕೆಲವು ನಿಜಕ್ಕೂ ಅದ್ಭುತ. ಹಾಗಿದ್ದೂ ಅವು ಇಷ್ಟು ಹೆಚ್ಚುತ್ತಿರುವುದಕ್ಕೆ ಕಲೆಗಿಂತ ಖರ್ಚೇ ದೊಡ್ಡ ಕಾರಣ. ಹದಿನೈದು ಜನರನ್ನು ಕಟ್ಟಿಕೊಂಡು ಊರೂರು ಸುತ್ತಲು ದುಡ್ಡು ಯಾರ ಬಳಿ ಇದೆ? ಗುಂಪನ್ನು ರಂಗದ ಮೇಲೆ ದುಡಿಸಿಕೊಳ್ಳುವುದು ಗುಂಪಿನ ಜೊತೆಗಿದ್ದೇ ಕಲಿಯಬೇಕಾದ ವಿದ್ಯೆ. ಆ ಕಲಿಕೆಯೇ ಈಗ ತಪ್ಪುತ್ತಿದೆ.

ಬಿ.ವಿ. ಕಾರಂತರ ಹಾದಿಯನ್ನು ಒಮ್ಮೆ ನೋಡಿ. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದವರನ್ನು ಕಾಶಿಗೆ ಓದಲು ಕಳಿಸಿದ್ದು ಗುಬ್ಬಿ ವೀರಣ್ಣನವರೇ. ಆಮೇಲೆ ರಾಷ್ಟ್ರೀಯ ನಾಟಕ ಶಾಲೆ, ದೆಹಲಿಯ ಶಾಲೆಯೊಂದರಲ್ಲಿ ನಾಟಕದ ಮೇಷ್ಟ್ರ ಕೆಲಸ. 1972ರಲ್ಲಿ ಬೆಂಗಳೂರಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಮಾಡಿಸಿ ಕನ್ನಡ ರಂಗಭೂಮಿಯ ದಿಕ್ಕು ಬದಲಿಸುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ನಂತರ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕ ಸ್ಥಾನ, ಭೋಪಾಲದ ರಂಗಮಂಡಲ, 1989ರಲ್ಲಿ ರಂಗಾಯಣ. ಪ್ರತಿಭೆ ಅವರದೇ, ಸಂಶಯವಿಲ್ಲ. ಆದರೆ ಹೆಜ್ಜೆಹೆಜ್ಜೆಗೂ ಯಾರೋ ಒಬ್ಬರು ಅನ್ನಕ್ಕೆ ದಾರಿ ಮಾಡಿಕೊಟ್ಟಿದ್ದರು ಎಂಬುದನ್ನು ಮರೆಯುವಂತಿಲ್ಲ. ನೃತ್ಯ ಸಂಯೋಜನೆಯಲ್ಲಿ ಮಾಯಾ ರಾವ್ ಅವರ ಕಥೆಯೂ ಹೀಗೆಯೇ. ವಿದ್ಯಾರ್ಥಿವೇತನ ಪಡೆದು ಸೋವಿಯತ್ ಒಕ್ಕೂಟದಲ್ಲಿ ಕೊರಿಯೋಗ್ರಫಿ ಕಲಿತು ಬಂದವರ ಬೆನ್ನಿಗೆ ಕಮಲಾದೇವಿ ಚಟ್ಟೋಪಾಧ್ಯಾಯರಂಥವರು ನಿಂತರು. 1964ರಲ್ಲಿ ದೆಹಲಿಯಲ್ಲಿ ಸಂಸ್ಥೆ ಶುರುವಾಯಿತು, ಮುಂದೆ ಅದು ಬೆಂಗಳೂರಿಗೆ ಬಂತು.

ಇವತ್ತು ನಲವತ್ತು ದಾಟಿದ ನಿರ್ದೇಶಕರಿಗೆ ಏನಿದೆ? ಸರ್ಕಾರದ ಕೈ ಎರಡು ತುದಿಯಲ್ಲಿ ಚಾಚುತ್ತದೆ. ಕಲಿಯುವಾಗ ಶಿಷ್ಯವೇತನ, ವಯಸ್ಸಾದ ಮೇಲೆ ಮಾಸಾಶನ. ನಡುವಿನ ದುಡಿಯುವ ವರ್ಷಗಳು ಹೆಚ್ಚುಕಡಿಮೆ ಬರಿದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ ಇದೆ ಎನ್ನಬಹುದು: ಕಿರಿಯರಿಗೆ ತಿಂಗಳಿಗೆ 10,000, ಹಿರಿಯರಿಗೆ 20,000 ರೂಪಾಯಿ, ಎರಡು ವರ್ಷದ ಮಟ್ಟಿಗೆ. ಇಡೀ ದೇಶಕ್ಕೆ, ಎಲ್ಲ ಕಲೆಗಳಿಗೂ ಸೇರಿ ವರ್ಷಕ್ಕೆ 400. ಅದೂ ಸಂಶೋಧನೆಗೆ, ನಾಟಕ ಕಟ್ಟುವುದಕ್ಕಲ್ಲ. ನಮ್ಮ ಇಲಾಖೆ, ಅಕಾಡೆಮಿಗಳ ನೆರವು ಬಹುಪಾಲು ಸಂಘ ಸಂಸ್ಥೆಗಳಿಗೆ, ಉತ್ಸವಗಳಿಗೆ, ಒಂದೊಂದು ಕಾರ್ಯಕ್ರಮಕ್ಕೆ. ಶಾಮಿಯಾನಕ್ಕೆ ರಸೀದಿ ಸಿಗುತ್ತದೆ, ಎರಡು ತಿಂಗಳ ತಾಲೀಮಿಗೆ ರಸೀದಿ ಕೊಡುವವರು ಯಾರು?

ನೃತ್ಯದ ಅರ್ಥಶಾಸ್ತ್ರ ಇನ್ನೂ ವಿಚಿತ್ರ. ಹತ್ತು ಜನರ ಹೊಸ ಸಂಯೋಜನೆ ರಂಗಕ್ಕೆ ಬರಬೇಕಾದರೆ, ಕುಣಿಯುವವರಿಗೆ ಸಂಯೋಜಕಿ ಸಂಭಾವನೆ ಕೊಡಬೇಕು. ನಡೆಯುತ್ತಿರುವುದು ತಿರುಗುಮುರುಗು. ಕುಣಿಯುವವರು ಆಕೆಯ ಶಿಷ್ಯೆಯರೇ. ಅವರೇ ತಿಂಗಳ ಫೀಸು ಕಟ್ಟುತ್ತಾರೆ, ವೇಷಭೂಷಣದ ಖರ್ಚು ಅಪ್ಪ ಅಮ್ಮಂದಿರದು. ರಂಗಪ್ರವೇಶ ಆದ ಮೇಲೆ ಮದುವೆ, ನೌಕರಿ, ವಿದೇಶ ಎಂದು ಹೊರಟುಬಿಡುತ್ತಾರೆ. ಸಂಯೋಜಕಿ ಮತ್ತೆ ಅಡವುಗಳಿಂದಲೇ ಶುರು ಮಾಡಬೇಕು.

ಕಾನೂನಿನ ಮಾತೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ವ್ಯಾಖ್ಯೆಯೊಳಗೆ ಸೇರಿಸಿದೆ, ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು ಎಂಬ ಷರತ್ತಿನೊಂದಿಗೆ. ನಿರ್ದೇಶಕರ ಕೆಲಸಕ್ಕೆ ಹೀಗೆ ಹೆಸರಿಟ್ಟು ಹೇಳಿದ ಜಾಗವಿಲ್ಲ. ಯೂಟ್ಯೂಬ್ ನೋಡಿ ಅದೇ ವಿನ್ಯಾಸ, ಅದೇ ನಡೆಯನ್ನು ಕಾಲೇಜು ಸ್ಪರ್ಧೆಗೆ ಎತ್ತಿಕೊಂಡರೆ ಕೇಳುವವರಿಲ್ಲ. ಅಮೆರಿಕದಲ್ಲಿ ರಂಗ ನಿರ್ದೇಶಕರೂ ನೃತ್ಯ ಸಂಯೋಜಕರೂ 1959ರಲ್ಲೇ ಒಂದು ಸಂಘ ಕಟ್ಟಿಕೊಂಡು ನಿರ್ಮಾಪಕರ ಜೊತೆ ಕರಾರಿಗೆ ಕೂತರು. ಬ್ರಾಡ್‌ವೇ ಲಾಭದ ಬೀದಿ, ನಮ್ಮದು ಹಾಗಲ್ಲ, ನಿಜ. ಆದರೂ ಮರುಪ್ರದರ್ಶನಕ್ಕೆ ಇಂತಿಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಲು ಲಾಭವೇ ಬೇಕೆಂದಿಲ್ಲ. ನಮ್ಮ ಹವ್ಯಾಸಿ ತಂಡಗಳಲ್ಲಿ ದುಡ್ಡಿನ ಮಾತೆತ್ತುವುದೇ ಮರ್ಯಾದೆಗೇಡು ಎಂಬ ಹಳೆಯ ಸಂಕೋಚ ಇನ್ನೂ ಹೋಗಿಲ್ಲ.

ಇದು ತಕ್ಷಣ ಕಣ್ಣಿಗೆ ಬೀಳುವ ನಷ್ಟವಲ್ಲ, ಹಾಗಾಗಿಯೇ ಅಪಾಯ ಹೆಚ್ಚು. ನಿರ್ದೇಶಕರು ಹದಗೊಳ್ಳಲು ಹದಿನೈದು ಇಪ್ಪತ್ತು ವರ್ಷ ಬೇಕು. ಇಂದು ಧಾರಾವಾಹಿಯ ಕಡೆ ಹೊರಳಿದವರ ಗೈರುಹಾಜರಿ ಗೊತ್ತಾಗುವುದು ರಂಗಾಯಣಕ್ಕೋ ನಾಟಕ ಶಾಲೆಗೋ ಹಿರಿಯರೊಬ್ಬರನ್ನು ಹುಡುಕುವ ದಿನ. ಆಗ ಹುಡುಕಿದರೆ ಸಿಗುವುದಿಲ್ಲ.

ಮಾಡಬಹುದಾದ್ದು ದೊಡ್ಡ ಮೊತ್ತದ ಕೆಲಸವೇನಲ್ಲ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಯ ರಂಗಾಯಣಗಳಲ್ಲಿ ಸಂಬಳವಿರುವ ಸಹನಿರ್ದೇಶಕ ಮತ್ತು ನೃತ್ಯ ಸಂಯೋಜಕ ಹುದ್ದೆಗಳನ್ನು ಮೂರು ವರ್ಷದ ಅವಧಿಗೆ ತೆರೆಯಬೇಕು. ಸರ್ಕಾರ ಬದಲಾದಾಗ ಅಲುಗಾಡುವುದು ಮೇಲಿನ ಕುರ್ಚಿ. ಈ ಹುದ್ದೆಗಳು ಅದರೊಂದಿಗೆ ಅಲುಗಾಡಬಾರದು. ಅನುದಾನದ ಅರ್ಜಿಯಲ್ಲಿ ತಾಲೀಮಿನ ದಿನಗಳಿಗೂ ನಿರ್ದೇಶಕರ ಸಂಭಾವನೆಗೂ ಪ್ರತ್ಯೇಕ ಕಾಲಂ ಇರಬೇಕು. ಹೊಸ ಉತ್ಸವಕ್ಕೆ ಕೊಡುವ ಹಣದಲ್ಲಿ ಒಂದಷ್ಟನ್ನು ಈಗಾಗಲೇ ಕಟ್ಟಿದ ನಾಟಕಗಳ ತಿರುಗಾಟಕ್ಕೆ ತಿರುಗಿಸಬೇಕು. 1985ರಿಂದ ನೀನಾಸಂ ತಿರುಗಾಟ ಮಾಡಿ ತೋರಿಸಿದ್ದು ಅದನ್ನೇ: ಎರಡೇ ದಿನಕ್ಕೆ ಮುಗಿಯದ ನಾಟಕ ಊರಿಂದ ಊರಿಗೆ ಹೋಗುತ್ತಾ ತಿದ್ದಿಕೊಳ್ಳುತ್ತದೆ, ಮಾಡಿಸಿದವರನ್ನೂ ತಿದ್ದುತ್ತದೆ. ಮುಂದಿನ ಬಜೆಟ್ಟಿಗೆ ಬೇಡಿಕೆ ಪಟ್ಟಿ ತಯಾರಿಸುವಾಗ ನಾಟಕ ಅಕಾಡೆಮಿಯೂ ಸಂಗೀತ ನೃತ್ಯ ಅಕಾಡೆಮಿಯೂ ಒಟ್ಟಿಗೆ ಕೂತು ಈ ಮೂರನ್ನು ಕೇಳಬೇಕು.