ಮಗನೋ, ಮೊಮ್ಮಗನೋ?



ಕಳೆದ ದೀಪಾವಳಿಗೆ ಶೆಟಗೇರಿಗೆ ಬಂದಿದ್ದ ಅಕ್ಕನ ಮೊಮ್ಮಗ ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದ. ಓದುವುದು ಇಂಜಿನಿಯರಿಂಗ್. ಸಿ ಭಾಷೆಯ ಪ್ರೋಗ್ರಾಮಿನಿಂದ ಒಂದು ಚೈಲ್ಡ್ ಪ್ರೊಸೆಸ್ ಹುಟ್ಟಿಸಿ, ಅದನ್ನು ಬೇರೆ ಟರ್ಮಿನಲ್ ಕಿಟಕಿಯಲ್ಲಿ ಓಡಿಸಬೇಕಿತ್ತು. ಕಿಟಕಿ ಮಿಂಚಿನಂತೆ ತೆರೆದು ಮರೆಯಾಗುತ್ತಿತ್ತು. "ಏಕೆ ಹೀಗೆ?" ಎಂದೆ. "ಗೊತ್ತಿಲ್ಲ ಅಜ್ಜ, ಈ ಸಾಲನ್ನೇ ಬರೆಯಿರಿ ಎಂದು ಸರ್ ಹೇಳಿದ್ದಾರೆ" ಎಂದ.

ಆ ಉತ್ತರ ನನಗೆ ಬೇಸರ ತಂದಿತು. ಸೂತ್ರ ಬಾಯಿಪಾಠ ಮಾಡಿ ಗಣಿತ ಪಾಸಾಗುತ್ತಿದ್ದವರ ನೆನಪಾಯಿತು. ನಿವೃತ್ತಿಯ ಬಳಿಕ ಹಳೆಯ ವಿದ್ಯಾರ್ಥಿಯೊಬ್ಬರಿಂದ ನಾನು ಕಲಿತ ಅಲ್ಪಸ್ವಲ್ಪ ಸಿ ಅಂದು ಉಪಯೋಗಕ್ಕೆ ಬಂತು.

ಫೋರ್ಕ್ ಎಂಬ ಕರೆ ಪ್ರೊಸೆಸ್ಸಿನ ಒಂದು ನಕಲನ್ನು ಸೃಷ್ಟಿಸುತ್ತದೆ. ತಾಯಿಗೆ ಮಗುವಿನ ಸಂಖ್ಯೆ, ಮಗುವಿಗೆ 0 ಉತ್ತರವಾಗಿ ಬರುತ್ತದೆ. ಇಬ್ಬರೂ ಒಂದೇ ಟರ್ಮಿನಲ್ಲಿನಲ್ಲಿ ಬರೆಯುವುದರಿಂದ ಸಾಲುಗಳು ಕಲಸಿಹೋಗುತ್ತವೆ. ಬೇರೆ ಕಿಟಕಿ ಬೇಕಾಗುವುದು ಅದಕ್ಕೇ. ಆದರೆ ಕಿಟಕಿಯೂ ಒಂದು ಪ್ರೋಗ್ರಾಮೇ. ಆದುದರಿಂದ ಲಿನಕ್ಸಿನಲ್ಲಿ ಮಗು ಎಕ್ಸೆಕ್ ಕರೆಯಿಂದ ತಾನೇ ಎಕ್ಸ್‌ಟರ್ಮ್ ಆಗಿ ರೂಪಾಂತರ ಹೊಂದಬೇಕು; 'ಮೈನಸ್ ಇ' ಎಂಬ ಸೂಚನೆಯೊಂದಿಗೆ ನಮ್ಮ ಪ್ರೋಗ್ರಾಮಿನ ಹೆಸರನ್ನು ಅದಕ್ಕೆ ಕೊಡಬೇಕು. ಎಕ್ಸ್‌ಟರ್ಮ್ ಕಿಟಕಿ ತೆರೆದು, ತಾನೂ ಫೋರ್ಕ್ ಮಾಡಿ, ಆ ಪ್ರೋಗ್ರಾಮನ್ನು ಓಡಿಸುತ್ತದೆ. ಅಂದರೆ ಅದು ನಮಗೆ ಮಗನಲ್ಲ, ಮೊಮ್ಮಗ!

ಈ ವಂಶಾವಳಿ ತಿಳಿದರೆ ಉಳಿದುದೆಲ್ಲ ಬಿಡಿಸಿಕೊಳ್ಳುತ್ತದೆ. ಮೊಮ್ಮಗನ ಕೆಲಸ ಮುಗಿದೊಡನೆ ಎಕ್ಸ್‌ಟರ್ಮ್ ಕಿಟಕಿ ಮುಚ್ಚುತ್ತದೆ. 'ಮೈನಸ್ ಹೋಲ್ಡ್' ಎಂದು ಹೇಳಿದರೆ ತೆರೆದೇ ಇಡುತ್ತದೆ. ವೇಯ್ಟ್ ಕರೆ ಮಾಡಿ ಕಾದ ತಾಯಿಗೆ ಸಿಗುವುದು ಎಕ್ಸ್‌ಟರ್ಮ್ ಮುಗಿದ ಸುದ್ದಿ ಮಾತ್ರ. ಮೊಮ್ಮಗನ ಫಲಿತಾಂಶ ಬೇಕಾದರೆ ಫೈಲಿನಲ್ಲಿ ಬರೆಯಿಸಿಕೊಳ್ಳಬೇಕು. ತಾಯಿ ಕಾಯದೇ ಇದ್ದರೆ, ಮುಗಿದ ಮಗುವಿನ ಹೆಸರು ತಾಯಿ ಇರುವವರೆಗೂ ಪಟ್ಟಿಯಲ್ಲಿ ಉಳಿದೇ ಇರುತ್ತದೆ. ಅದಕ್ಕೆ ಜೋಂಬಿ ಎನ್ನುತ್ತಾರೆ.

ಸಿದ್ಧ ಸಾಲನ್ನು ಬಳಸುವುದು ತಪ್ಪೆಂದು ನಾನು ಹೇಳಲಾರೆ. ಕಿಟಕಿ ತೆರೆದ ಮಾತ್ರಕ್ಕೆ ಅಂಕ ಕೊಡುವುದು ತಪ್ಪು. ಯಾರು ಯಾರ ಮಗ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಚಿತ್ರ ಬರೆಯಿಸಿದರೆ ಸಾಕು, ತಿಳಿದವರಾರು, ನಕಲು ಮಾಡಿದವರಾರು ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಅಂದು ಸಂಜೆ ಜಗಲಿಯ ನೆಲದ ಮೇಲೆಯೇ ಸೀಮೆಸುಣ್ಣದಿಂದ ಆ ಚಿತ್ರ ಬರೆದೆವು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಹುಡುಗ ತನ್ನ ಸಾಲನ್ನು ತಾನೇ ತಿದ್ದಿಕೊಂಡಿದ್ದ. ನನ್ನ ಶಿಷ್ಯರಲ್ಲಿ ಇಂದು ಪಾಠ ಹೇಳುತ್ತಿರುವವರು ಹಲವರಿದ್ದೀರಿ. ಸಾಲು ಕೊಡುವ ಮೊದಲು ಚಿತ್ರ ಬರೆಯಿಸಿ ಎಂಬುದಷ್ಟೇ ನಿಮ್ಮಲ್ಲಿ ನನ್ನ ವಿನಂತಿ.